ಪರದೇಶಕ್ಕೆ ಹೊರಟವರ ಒಳಕಿಸೆ

ಬೆಳಗಿನ ಐದೂವರೆ. ಪುಣೆಯ ಕೋಥರೂಡದ ಬಸ್ ಡಿಪೋ ಹತ್ತಿರದ ರಸ್ತೆಯಲ್ಲಿ ಪ್ರವಾಸಿ ಕಂಪನಿಯ ಬಸ್ಸು ನಿಂತಿದೆ. ಮುಂಬಯಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಯುರೋಪ್ ನೋಡಲು ಹೊರಟವರು ತಮ್ಮ ತಮ್ಮ ಸೂಟ್‌ಕೇಸಿಗೆ ಗುರುತಿನ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಾರೆ. ಬಸ್ಸಿಗೂ ಕಾಂಪೌಂಡ್ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಇಬ್ಬರು ಹೆಂಗಸರು ಹಳೆಯ ಇಳಕಲ್ ಸೀರೆಯೊಂದನ್ನು ಪರದೆಯಂತೆ ಎತ್ತಿ ಹಿಡಿದಿದ್ದಾರೆ. ಅವರಲ್ಲಿ ಒಬ್ಬಳು ನಾನು, ಇನ್ನೊಬ್ಬರು ಯಾರನ್ನೋ ಬೀಳ್ಕೊಡಲು ಬಂದವರು. ತಮ್ಮ ಬಗ್ಗೆ ಬರೆಯಲು ಬಂದವಳು ಸುಮ್ಮನೆ ನಿಂತಿದ್ದು ಕಂಡು ಹೊಲಿಗೆಯ ರಂಗೂಬಾಯಿ ಸೀರೆಯ ತುದಿಯನ್ನು ನನ್ನ ಕೈಗೆ ತುರುಕಿದ್ದಾರೆ.

"ಎತ್ತಿ ಹಿಡೀರಿ ಅಕ್ಕಾರ. ನೀವು ಕೈ ಇಳಿಸಿದ್ರ ಒಳಗ ನಿಂತವರ ಮರ್ಯಾದಿ ಹೋಗ್ತದ."

ಪರದೆಯ ಒಳಗೆ ರಂಗೂಬಾಯಿ ನೆಲಕ್ಕೆ ಮಂಡಿಯೂರಿದ್ದಾರೆ. ಬಂದ ಹೆಂಗಸಿನ ಒಳಲಂಗದ ಸೊಂಟಪಟ್ಟಿಗೆ ಹೊಲಿದ ಕಿಸೆಯನ್ನು ಎರಡೂ ಕೈಯಿಂದ ಜಗ್ಗಿ ನೋಡುತ್ತಾರೆ. ಸಡಿಲಾದ ಕಡೆ ನಾಲ್ಕು ಟಾಕು ಹಾಕಿ, ಹಲ್ಲಿನಿಂದ ದಾರ ಕಡಿದು, "ಹೂಂ, ಹೋಗಿ ಬರ್ರಿ" ಎನ್ನುತ್ತಾರೆ. ಪರದೇಶಕ್ಕೆ ಹೋಗುವವರು ಪಾಸ್‌ಪೋರ್ಟು, ಕಾರ್ಡು, ಡಾಲರು ಇಟ್ಟುಕೊಳ್ಳುವ ಒಳಕಿಸೆ ಇದು. ಇಲ್ಲಿನ ಮರಾಠಿ ಮಂದಿ ಚೋರಖಿಸಾ ಎಂದು ಕರೆಯುತ್ತಾರೆ. ರಂಗೂಬಾಯಿಗೆ ಆ ಹೆಸರು ಸೇರುವುದಿಲ್ಲ. "ಕಳ್ಳರಿಂದ ಉಳಿಸೋ ಕಿಸೆಗೆ ಕಳ್ಳನ ಹೆಸರು ಯಾಕ್ರಿ?"

ಇವತ್ತು ಅವರ ಕೈ ಸೂಜಿಯ ಮೇಲಿದ್ದರೂ ಕಣ್ಣು ಬಸ್ಸಿನ ಬಾಗಿಲ ಕಡೆಗಿದೆ. ಅಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ತ್ರಿವೇಣಿ, ಗಂಡ ಸಿದ್ರಾಮಪ್ಪನವರ ಜೊತೆ ನಿಂತಿದ್ದಾರೆ. ಒಂದು ಕಾಲಕ್ಕೆ ತ್ರಿವೇಣಿಯವರ ಜಂಪರುಗಳೆಲ್ಲ ರಂಗೂಬಾಯಿಯ ಮಶಿನ್ನಿನ ಮೇಲೇ ಹುಟ್ಟುತ್ತಿದ್ದವು. ನಾಲ್ಕು ವರ್ಷದಿಂದ ಒಂದೂ ಬಂದಿಲ್ಲ. ಈಗ ಅವರು ಪರದೆಯೊಳಗೆ ಬರುತ್ತಾರೋ, ಹಾಗೇ ಬಸ್ಸು ಹತ್ತುತ್ತಾರೋ ಎಂಬುದೇ ರಂಗೂಬಾಯಿಗೆ ಚಿಂತೆ.

ಗದಗ ಕಡೆಯ ರಂಗೂಬಾಯಿ ಮದುವೆಯಾಗಿ ಪುಣೆಗೆ ಬಂದವರು. ಗಂಡ ರಾಘಣ್ಣ ದುಡಿಯುತ್ತಿದ್ದ ಹಡಪಸರದ ಕಾರ್ಖಾನೆಗೆ ತೊಂಬತ್ತೆರಡರಲ್ಲಿ ಬೀಗ ಬಿತ್ತು. ಅಲ್ಲಿಂದ ಮುಂದೆ ಮನೆ ನಡೆಸಿದ್ದು ಸೀರೆಯ ಅಂಚಿನ ಫಾಲ್-ಪಿಕೋ ಮತ್ತು ಜಂಪರ್ ಹೊಲಿಗೆ. ಎರಡು ವರ್ಷದ ಮೇಲೆ ಪಕ್ಕದ ಸೊಸೈಟಿಯ ರಂಜನಾ ಯುರೋಪಿಗೆ ಹೊರಟರು. ಟ್ರಾವೆಲರ್ಸ್ ಚೆಕ್ಕನ್ನು ಯಾರಾದರೂ ಹೊಡೆದಾರೆಂದು ಹೆದರಿ, ಲಂಗದೊಳಗೆ ಒಂದು ಕಿಸೆ ಹೊಲಿದು ಕೊಡಿ ಎಂದು ಬಂದರು.

ಮೊದಲ ಕಿಸೆಯ ಕಥೆ ಹೇಳುವಾಗ ರಂಗೂಬಾಯಿಗೆ ಈಗಲೂ ನಗು ತಡೆಯುವುದಿಲ್ಲ. "ಕಳ್ಳನ ಕೈಗೆ ಸಿಗಬಾರದು ಅಂತ ಭಾಳ ಒಳಗ ಹೊಲದಿದ್ದೆರಿ. ಪ್ಯಾರಿಸಿನ್ಯಾಗ ರೊಕ್ಕ ತಗೀಬೇಕಂದ್ರ ಸಂಡಾಸಕ್ಕ ಹೋಗಬೇಕು. ಸಂಡಾಸದ ಬಾಗಿಲಾ ತಗೀಬೇಕಂದ್ರ ಚಿಲ್ಲರ ಹಾಕಬೇಕು. ಚಿಲ್ಲರ ಕಿಸೆಯೊಳಗ!"

ರಂಜನಾ ಮರಳಿ ಬಂದು ಜಗಳ ತೆಗೆಯಲಿಲ್ಲ, ಕೂತು ನಕ್ಕರು. ಅವರನ್ನು ನಿಲ್ಲಿಸಿಕೊಂಡೇ ರಂಗೂಬಾಯಿ ಹೊಸ ಕಿಸೆ ಕತ್ತರಿಸಿದರು. ಬಾಯಿ ಎಡಸೊಂಟಕ್ಕೆ, ಸೆರಗಿನ ಮರೆಗೆ ಬಂತು. ಹೊರಗಡೆ ಚಿಲ್ಲರೆಗೆಂದೇ ಪುಟ್ಟ ಖಾನೆ ಸೇರಿತು, ಅದಕ್ಕೆ ಇಂದಿಗೂ ಸಂಡಾಸದ ಕಿಸೆ ಎಂದೇ ಹೆಸರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ದೂರದ ನಿಗಡಿಯಿಂದಲೂ ಗಿರಾಕಿ ಬರತೊಡಗಿದರು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಕಿಸೆ, ಮಳೆಗಾಲದಲ್ಲಿ ಒಂದೂ ಇಲ್ಲ. ಆಗ ಐದು ರೂಪಾಯಿ, ಈಗ ನಲವತ್ತು. ಗಂಡ ಹೆಂಡತಿ ಇಬ್ಬರೂ ಹೊರಟಿದ್ದರೆ ಗಂಡನ ಬನಿಯನ್ನಿಗೂ ಒಂದು ಕಿಸೆ ಹೊಲಿಸಲೇಬೇಕು. ಕಾರ್ಡು ಒಬ್ಬರಲ್ಲಿ, ನೋಟು ಇನ್ನೊಬ್ಬರಲ್ಲಿ ಇರಲಿ ಎಂದು ರಂಗೂಬಾಯಿಯ ಹಟ.

ಚೆಕ್ಕು ಹೋಗಿ ಕಾರ್ಡು ಬಂದ ಮೇಲೆ ಕಿಸೆ ಚಿಕ್ಕದಾಯಿತು. ಆದರೆ ವಯಸ್ಸಾದವರ ಬೆರಳಿಗೆ ಹುಕ್ಕು ತೆಗೆಯುವುದು ಕಷ್ಟ. ಎರಡು ಸಾವಿರದ ನಾಲ್ಕರಲ್ಲಿ ಬೋಹರಿ ಆಳಿ ಎಂಬ ಪೇಟೆಯ ಅಂಗಡಿಯಲ್ಲಿ ರಂಗೂಬಾಯಿ ಆಯಸ್ಕಾಂತದ ಗುಂಡಿ ಕಂಡರು. ಪರ್ಸುಗಳಿಗೆ ಹಾಕುವಂಥದ್ದು, ಹತ್ತಿರ ತಂದರೆ ತಾನೇ ಟಪ್ಪೆಂದು ಕೂಡುತ್ತದೆ. ಚಿನ್ನ ಸಿಕ್ಕಷ್ಟು ಖುಷಿಯಿಂದ ತಂದು, ಆ ಬೇಸಿಗೆಯ ಕಿಸೆಗಳಿಗೆಲ್ಲ ಅದನ್ನೇ ಹಚ್ಚಿದರು. ಮೊದಲು ಹೊರಟವರು ತ್ರಿವೇಣಿ ದಂಪತಿ, ಸಿಂಗಪುರಕ್ಕೆ. ಅವಸರದಲ್ಲಿ ಸಿದ್ರಾಮಪ್ಪನವರ ಬನಿಯನ್ನಿನ ಕಿಸೆ ಆಗಲಿಲ್ಲ. ಎಲ್ಲವೂ ತ್ರಿವೇಣಿಯವರ ಒಂದೇ ಕಿಸೆಯಲ್ಲಿ ಹೋಯಿತು.

ಅಲ್ಲಿನ ಯಾವ ಯಂತ್ರವೂ ಅವರ ಕಾರ್ಡನ್ನು ಓದಲಿಲ್ಲ. ಕಾರ್ಡಿನ ಬೆನ್ನ ಮೇಲಿನ ಕಪ್ಪು ಪಟ್ಟಿ ಅಳಿಸಿದೆ, ಹತ್ತಿರ ಆಯಸ್ಕಾಂತವೇನಾದರೂ ಇತ್ತೇ ಎಂದು ಬ್ಯಾಂಕಿನವರು ಫೋನಿನಲ್ಲಿ ಕೇಳಿದರು. ಯಾರ ಮುಂದೆಯೂ ಕೈ ಚಾಚಿ ಗೊತ್ತಿಲ್ಲದ ತ್ರಿವೇಣಿ ಸಹಪ್ರವಾಸಿಗಳ ಹತ್ತಿರ ಸಾಲ ಕೇಳಿ, ಪ್ರವಾಸ ಮುಗಿಸಿ ಬಂದರು.

ಬಂದ ದಿನ ಸಂಜೆ ಸಿದ್ರಾಮಪ್ಪ ಇದನ್ನು ರಂಗೂಬಾಯಿಗೆ ಹೇಳಿದರು. ಮರುದಿನ ಬೆಳಗ್ಗೆ ಅದೇ ಗುಂಡಿಯ ಕಿಸೆ ಕಟ್ಟಿಕೊಂಡ ಒಂದು ಗುಂಪು ಇದೇ ಜಾಗದಿಂದ ಹೊರಡುವುದಿತ್ತು. ಕತ್ತರಿ, ಸೂಜಿದಾರ, ಒಂದು ಮುಷ್ಟಿ ಹುಕ್ಕು ಮತ್ತು ತಮ್ಮ ಇಳಕಲ್ ಸೀರೆ ಹಿಡಿದು ರಂಗೂಬಾಯಿ ಬಸ್ಸಿನ ಮುಂದೆ ಬಂದು ನಿಂತರು. ಡ್ರೈವರ್ ಬೈದ. ಕೆಲವರು ಇದೇನು ಅವತಾರ ಎಂದರು. ಎಲ್ಲರ ಗುಂಡಿ ಕತ್ತರಿಸಿ ಹುಕ್ಕು ಹಚ್ಚಿದ ಮೇಲೇ ಅವರು ಬಸ್ಸು ಬಿಟ್ಟರು. ಅಂದಿನಿಂದ ತಾವು ಕಿಸೆ ಹೊಲಿದ ಯಾವ ಗುಂಪನ್ನೂ ಹೀಗೆ ಜಗ್ಗಿ ನೋಡದೆ ಕಳಿಸಿಲ್ಲ. ಕತ್ತರಿಸಿದ ಗುಂಡಿಗಳು ಈಗ ಮನೆಯಲ್ಲಿ ನೆಲಕ್ಕೆ ಬಿದ್ದ ಸೂಜಿ ಆರಿಸಲು ಬಳಕೆಯಾಗುತ್ತಿವೆ.

ತ್ರಿವೇಣಿಯವರ ಮನೆಗೂ ಹೋಗಿದ್ದರು. "ತಪ್ಪು ನಂದರಿ. ಹೊಸಾದು ಕಂಡಕೂಡಲೆ ಹಿಗ್ಗಿಬಿಟ್ಟೆ, ವಿಚಾರ ಮಾಡಲಿಲ್ಲ. ಅವರು ಬೈದಿದ್ರ ನನಗ ಹಗುರ ಆಗ್ತಿತ್ತು. ಚಹಾ ಕೊಟ್ಟು ಕಳಿಸಿದ್ರು" ಎನ್ನುವಾಗ ಅವರ ದನಿ ಇಳಿಯುತ್ತದೆ. ಅಳತೆಗೆಂದು ತ್ರಿವೇಣಿ ಕೊಟ್ಟಿದ್ದ ಹಳೆಯ ಜಂಪರು ಇನ್ನೂ ರಂಗೂಬಾಯಿಯ ಮಶಿನ್ನಿನ ಮೇಲಿನ ಮೊಳೆಗೇ ತೂಗುತ್ತಿದೆ. ಅವರು ಕೇಳಿಲ್ಲ, ಇವರು ಮರಳಿಸಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಹೊಸ ಮಶಿನ್ನು ಎನ್ನಬಹುದೆಂದು ನಾನು ಎಣಿಸಿದ್ದೆ. "ಅವರೊಂದು ಜಂಪರ್ ಪೀಸ್ ತಂದು ಕೊಟ್ರ ಸಾಕರಿ" ಎನ್ನುತ್ತಾರೆ.

ಬಸ್ಸಿನ ಎಂಜಿನ್ ಶುರುವಾಗುತ್ತದೆ. ರಂಗೂಬಾಯಿ ಸೂಜಿಯನ್ನು ಡಬ್ಬಿಗೆ ಹಾಕುತ್ತಾರೆ. ನಾನು ಸೀರೆ ಇಳಿಸಬೇಕು ಎನ್ನುವಷ್ಟರಲ್ಲಿ ತ್ರಿವೇಣಿ ಬಗ್ಗಿ ಒಳಗೆ ಬರುತ್ತಾರೆ. ಸೊಂಟದಲ್ಲಿ ಕಂಪನಿ ಕೊಟ್ಟ ನೈಲಾನ್ ಚೀಲವಿದೆ, ಕೈಯಲ್ಲಿ ನಾಲ್ಕು ವರ್ಷ ಹಳೆಯ ಬಟ್ಟೆಯ ಕಿಸೆ. ಅದರ ಆಯಸ್ಕಾಂತದ ಗುಂಡಿ ಹಾಗೇ ಇದೆ.

"ಇದು ಭಾಳ ಕೊರೀತದ" ಎಂದು ನೈಲಾನ್ ಚೀಲ ಬಿಚ್ಚುತ್ತಾರೆ. "ನಿಮ್ಮದ ಹಚ್ಚಿಕೊಡ್ರಿ ರಂಗೂಬಾಯಿ. ಹುಕ್ಕ ಹಾಕಿ."

ರಂಗೂಬಾಯಿ ಡಬ್ಬಿ ತೆರೆದು ಮತ್ತೆ ಸೂಜಿ ತೆಗೆಯುತ್ತಾರೆ. ಗುಂಡಿ ಕತ್ತರಿಸುತ್ತಾರೆ, ಅದು ಕತ್ತರಿಗೇ ಅಂಟಿಕೊಳ್ಳುತ್ತದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಅವರು ಅವಸರ ಮಾಡದೆ ಹುಕ್ಕು ಹಚ್ಚಿ, ಕಿಸೆಯನ್ನು ಸೊಂಟಪಟ್ಟಿಗೆ ಸುತ್ತಲೂ ಹೊಲಿದು, ಎರಡೆರಡು ಸಲ ಜಗ್ಗಿ ನೋಡುತ್ತಾರೆ. ನನ್ನ ತೋಳು ಬಿದ್ದುಹೋಗುವಂತಾಗಿದೆ, ಆದರೂ ಇಳಿಸಲು ಮನಸ್ಸಾಗುವುದಿಲ್ಲ.

ಬಸ್ಸು ಹೊರಟ ಮೇಲೆ ಕಿಟಕಿಯಿಂದ ತ್ರಿವೇಣಿಯವರ ದನಿ ಕೇಳುತ್ತದೆ. "ನನ್ನ ಅಳತಿ ಜಂಪರ್ ನಿಮ್ಮ ಹತ್ರನ ಅದ ಅಲ್ಲೇನ್ರಿ? ಬಂದಮ್ಯಾಲೆ ಎರಡು ಹೊಲಿಯೋದವ!"

"ಅದರಿ ಬಾಯಾರ, ಅದ!" ಎಂದು ರಂಗೂಬಾಯಿ ಕೂಗುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಸೀರೆ ಮಡಚುತ್ತ, ನನಗಷ್ಟೇ ಕೇಳುವಂತೆ ಹೇಳುತ್ತಾರೆ:

"ಆ ಅಳತಿ ಈಗ ನಡಿಯೂದಿಲ್ಲರಿ. ಎರಡು ಬಟ್ಟು ದಪ್ಪ ಆಗ್ಯಾರ. ಸೊಂಟಪಟ್ಟಿ ಹಿಡಿದಾಗ ಗೊತ್ತಾತು."