ಬಿಸಿನೀರಲ್ಲಿ ನೆನೆಸಿದ ಒಣದ್ರಾಕ್ಷಿ

ಮೂತ್ರಪಿಂಡ ಕೆಟ್ಟ ಹೆಂಡತಿಯನ್ನು ಡಯಾಲಿಸಿಸ್‌ಗೆಂದು ಅಥಣಿ ತಾಲೂಕಿನ ನಮ್ಮೂರು ಅನಂತಪುರದಿಂದ ಅಥಣಿಗೆ ಕರೆದೊಯ್ಯುತ್ತಿದ್ದೆ. ಯಂತ್ರಕ್ಕೆ ಸಿಕ್ಕಿಸಿದ ಕೊಳವೆಯ ತುಂಬ ಕೂದಲಿನಷ್ಟು ಸಣ್ಣ ಟೊಳ್ಳು ಎಳೆಗಳು. ಎಳೆಯೊಳಗೆ ರಕ್ತ, ಹೊರಗೆ ನೀರು, ನಡುವೆ ಮನುಷ್ಯ ಮಾಡಿದ ಪೊರೆ.

ಯಂತ್ರ ನೋಡಿಕೊಳ್ಳುವ ಹೆಣ್ಣುಮಗಳು ಕೇಳಿದ್ದಕ್ಕೆ ಬೇಸರಿಸದೆ ಹೇಳಿದಳು: "ರಕ್ತದಾಗ ಹೆಚ್ಚಾದ ಪೊಟ್ಯಾಸಿಯಂ ಪೊರಿ ದಾಟಿ ನೀರಿಗಿ ಹೋಗ್ತೈತ್ರಿ, ಕಾಕಾ. ನೀರು ಬೆಚ್ಚಗಿದ್ರ ಜಲ್ದಿ ದಾಟತೈತಿ. ಥಂಡಿ ನೀರು ಮಂದ, ಅದರಾಗ ಸಾವಕಾಶ."

"ಹಂಗಾರ ಅದೂ ಇವರಂಗ ಐತಿ ಬಿಡು, ಥಂಡ್ಯಾಗ ಏಳಾಂಗಿಲ್ಲ" ಎಂದಳು ಹೆಂಡತಿ, ಮಲಗಿದಲ್ಲಿಂದಲೇ.

ಪೊಟ್ಯಾಸಿಯಂ ಬಹಳ, ಒಣದ್ರಾಕ್ಷಿ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ನಮ್ಮ ಶೆಡ್ಡಿನಲ್ಲಿ ಆಗ ಅದೇ ಒಣಗುತ್ತಿತ್ತು. "ನಮ್ಮ ಹೊಲದ್ದು ನಾನ ತಿನ್ನಬಾರದೇನ್ರಿ?" ಎಂದು ಕೇಳಿದಳು. ತಡೆಯಲಾಗಲಿಲ್ಲ. ಒಣಹಾಕುವ ಮೊದಲು ಗೊನೆಗಳನ್ನು ಪೊಟ್ಯಾಷ್, ಎಣ್ಣೆ ಕದಡಿದ ನೀರಿನಲ್ಲಿ ಅದ್ದುತ್ತೇವೆ. ಆಗ ಸಿಪ್ಪೆ ಸಡಿಲಾಗಿ ಒಳಗಿನ ನೀರು ಬೇಗ ಹೊರಬೀಳುತ್ತದೆ. ಆ ಸಿಪ್ಪೆಯೂ ಒಂದು ಪೊರೆಯೇ, ಬಿಸಿನೀರಲ್ಲಿಟ್ಟರೆ ಪೊಟ್ಯಾಸಿಯಂ ಹೊರಬರುತ್ತದೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಹತ್ತನೆಯ ಇಯತ್ತೆ ಓದಿದವನ ಜಾಣತನ. ನೆನೆಸಿ, ನೀರು ಚೆಲ್ಲಿ, ಯಾರಿಗೂ ಹೇಳದೆ ದಿನವೂ ಒಂದೊಂದು ಹಿಡಿ ಕೊಟ್ಟೆ. ಹೋದದ್ದು ಸ್ವಲ್ಪ, ಉಳಿದದ್ದೆಲ್ಲ ಅವಳ ಹೊಟ್ಟೆಗೆ.

ಒಂದು ಬೆಳಿಗ್ಗೆ ಅವಳ ಕಾಲುಗಳಿಗೆ ಶಕ್ತಿಯೇ ಇರಲಿಲ್ಲ. ಅಥಣಿ ಮುಟ್ಟುವಷ್ಟರಲ್ಲಿ ಎದೆಬಡಿತ ತಪ್ಪಿತ್ತು. "ಪೊಟ್ಯಾಸಿಯಂ ಏರೇತಿ. ಏನ ತಿನ್ನಿಸೀರಿ?" ಎಂದರು ಡಾಕ್ಟರು.

ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಜೊತೆಗೆ ಬಂದಿದ್ದ ಸೊಸೆ. "ಕಾಯಿಪಲ್ಲೆ ಕುದಿಸಿ ನೀರು ಚೆಲ್ಲೇ ಹಾಕೀನ್ರಿ" ಎಂದಳು.

"ಸಾಲಿಲ್ಲವ್ವಾ ಅದು" ಎಂದರು ಡಾಕ್ಟರು.

ನಾನು ಬಾಯಿ ಬಿಡಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ಅವಳೂ ಹೇಳಲಿಲ್ಲ. ಆ ಸಂಜೆ ತೀರಿಕೊಂಡಳು.

ಅಂದಿನಿಂದ ಸೊಸೆ ನಮ್ಮ ಪಲ್ಲೆಯನ್ನೂ ಹಾಗೆಯೇ ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಿ ಮಾಡುತ್ತಾಳೆ. ರುಚಿಯಿಲ್ಲದ ಆ ಪಲ್ಲೆಯನ್ನು ಮನೆಮಂದಿಯೆಲ್ಲ ಉಣ್ಣುತ್ತೇವೆ. ಮೊನ್ನೆ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ.

ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಡಾಕ್ಟರು ನನ್ನ ತಪ್ಪು ಅಂದಾಗ ಅತ್ತಿಯವರಿಗೆ ಎಚ್ಚರ ಇತ್ತೇನ್ರಿ, ಮಾವಾರ?"

"ಇತ್ತವ್ವಾ."

"ನಿಮ್ಮನ್ನ ಉಳಿಸಾಕ ಸುಮ್ಮನಾದ್ರು" ಎಂದಳು. "ನಾ ಅವರಿಗೆ ಮಗಳಂತ ತಿಳದಿದ್ನಿ."