ನಾನು ಓಗೊಟ್ಟ ಕೂ

ದೂರದಲ್ಲಿದ್ದವರ ದನಿ ಕೇಳಿಸಿತು, ಸಾಯುವವರು ಬಂದು ಹೇಳಿ ಹೋದರು ಎಂದೆಲ್ಲ ಯಾರಾದರೂ ಶುರು ಮಾಡಿದರೆ ನಾನು ಅವರೆದುರೇ ನಕ್ಕುಬಿಡುತ್ತಿದ್ದೆ. ನೌಕಾಪಡೆಯಲ್ಲಿ ನನ್ನ ಬದುಕೆಂದರೆ ಹಗ್ಗ, ತುಕ್ಕು, ಬಣ್ಣ. ಕೈಗೆ ಸಿಗದ ವಸ್ತುವಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಜಾಯಮಾನವೇ ನನ್ನದಲ್ಲ. ಊರಿನ ದೈವಗಳಿಗೆ ಕೈಮುಗಿಯುತ್ತಿದ್ದೆ ನಿಜ, ಅದು ಮನೆಯ ಕ್ರಮ ಎಂದಷ್ಟೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟಿಲ್ಲ.

ನಮ್ಮ ಮನೆ ಪೆರಾಬೆಯ ಕಡೆ, ಕುಮಾರಧಾರಾ ಹೊಳೆಯ ಹತ್ತಿರ. ಆಗ ಅಲ್ಲಿ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಗುಡ್ಡದಲ್ಲೋ ಹೊಳೆಯಾಚೆಯೋ ಇದ್ದವರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ, ‘ಕೂ...’ ಎಂದು ಉದ್ದಕ್ಕೆ ಕೂ ಹಾಕುತ್ತೇವೆ. ಕೇಳಿದವನು ಹಾಗೆಯೇ ಓಗೊಡಬೇಕು, ಕರೆದವನು ಕಷ್ಟದಲ್ಲಿರಬಹುದಲ್ಲ. ಆದರೆ ಒಂದು ಕಟ್ಟುಪಾಡುಂಟು. ದೀಪ ಹಚ್ಚಿದ ಮೇಲೆ ಕೂ ಕೇಳಿದರೆ ಮೂರನೆಯ ಸಲದವರೆಗೆ ಬಾಯಿ ಬಿಡಬಾರದು. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದಂತೆ. ಅಮ್ಮ ಇದನ್ನು ಚಿಕ್ಕಂದಿನಲ್ಲೇ ನಮ್ಮ ತಲೆಗೆ ತುಂಬಿದ್ದಳು.

ಒಬ್ಬೊಬ್ಬರ ಕೂ ಒಂದೊಂದು ತರ. ದನಿ ಒಡೆಯುವ ಪ್ರಾಯದಲ್ಲಿ ನನ್ನದು ನಡುವಿನಲ್ಲಿ ಬಿರುಕು ಬಿಟ್ಟದ್ದು ಮತ್ತೆ ಸರಿಯಾಗಲೇ ಇಲ್ಲ. ತಮ್ಮ ಚೆನ್ನಪ್ಪ ಅದನ್ನು ಅಣಕಿಸಿ ಅಣಕಿಸಿ ಮನೆಮಂದಿಯನ್ನು ನಗಿಸುತ್ತಿದ್ದ. ಅವನದ್ದು ಗಂಟೆಯ ಹಾಗೆ ಸ್ಪಷ್ಟ, ಕೊನೆಯಲ್ಲಿ ಮೇಲಕ್ಕೆ ಎತ್ತಿ ಫಕ್ಕನೆ ಬಿಡುವ ಕೂ. ನಾನು ಹಡಗು ಹತ್ತಿದೆ, ಅವನು ಊರ ಶಾಲೆಯ ಮಾಸ್ತರನಾದ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಹಡಗು ಮಾಲ್ಟಾ ದ್ವೀಪದ ಬಂದರಿನಲ್ಲಿ ನಿಂತಿತ್ತು. ಯುದ್ಧವಿಲ್ಲದ ಕಾಲದ ನಾವಿಕನ ಕೆಲಸ ಕೇಳಬೇಡಿ. ಬಂದರಿನಿಂದ ಬಂದರಿಗೆ ಹೋಗುವುದು, ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವುದು, ಉಳಿದ ಹೊತ್ತು ಬಣ್ಣ ಬಳಿಯುವುದು. ಮರುದಿನ ಸ್ವಾತಂತ್ರ್ಯ ದಿನ. ಹಡಗು ಹೊಳೆಯಬೇಕೆಂದು ಅಪ್ಪಣೆಯಾಗಿತ್ತು. ಮಧ್ಯಾಹ್ನದ ಊಟ ಮುಗಿಸಿ, ಹಡಗಿನ ಹೊರಮೈಗೆ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ನಾನೂ ಕಣ್ಣೂರಿನ ನಾಯರೂ ಕೂತು ಬಣ್ಣ ಬಳಿಯುತ್ತಿದ್ದೆವು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ಆಗ ಬೆನ್ನ ಹಿಂದೆ, ನೀರಿನ ಮೇಲಿಂದ, ಕೂ ಕೇಳಿತು. ಚೆನ್ನಪ್ಪನ ಕೂ. ಅದರ ಹಾಗೆ ಏನೋ ಕೇಳಿತು ಎಂದಲ್ಲ, ಅದೇ. ಕೊನೆಯ ಎತ್ತುವಿಕೆ ಕೂಡ ಅವನದ್ದೇ. ಯೋಚನೆ ಮಾಡುವ ಮೊದಲೇ ನನ್ನ ಬಾಯಿ ಓಗೊಟ್ಟಾಗಿತ್ತು, ಬಂದರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ನಾಯರನ ಕೈಯಿಂದ ಕುಂಚ ನೀರಿಗೆ ಬಿತ್ತು. "ನಿನಗೆಂತ ಹುಚ್ಚಾ? ಯಾರನ್ನು ಕರೆದದ್ದು?" ಎಂದ. ಅವನಿಗೆ ಕೇಳಿದ್ದು ನನ್ನ ಕೂಗು ಮಾತ್ರ. ಮೇಲಿನಿಂದ ಅಧಿಕಾರಿ ಬಗ್ಗಿ ನೋಡಿ ಚೆನ್ನಾಗಿ ಬೈದ. ತಿರುಗಿ ನೋಡಿದರೆ ಬರೀ ನೀರು. ಮನೆಯ ನೆನಪು ಕಿವಿಗೆ ಹತ್ತಿದೆ ಎಂದುಕೊಂಡು ಸುಮ್ಮನಾದೆ. ಸಂಜೆ ನಾಯರ್ ಎಲ್ಲರ ಮುಂದೆ ನನ್ನ ಕೂ ಅಣಕಿಸಿದಾಗ ನಾನೂ ನಕ್ಕೆ.

ಚೆನ್ನಪ್ಪ ಹೊಳೆಯಲ್ಲಿ ಹೋದ ಎಂಬ ಸುದ್ದಿ ಮುಂದಿನ ಬಂದರಿನಲ್ಲಿ ನನಗೆ ಸಿಕ್ಕಿತು. ಯಾವಾಗ, ಹೇಗೆ, ಒಂದೂ ಗೊತ್ತಿಲ್ಲ. ರಜೆ ಸಿಕ್ಕಿ ಊರಿಗೆ ಬರುವಾಗ ತಿಂಗಳುಗಳೇ ಕಳೆದಿದ್ದವು. ಅಮ್ಮ ನನ್ನ ಮುಖ ನೋಡಿ ಅಳಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಕತೆ ಹೇಳಿದವರು ನಮ್ಮ ಅಕ್ಕನ ಗಂಡ ದೇವಪ್ಪ ಬಾವ. ಆ ದಿನ ಚೆನ್ನಪ್ಪನ ಜೊತೆಗಿದ್ದದ್ದು ಅವರೊಬ್ಬರೇ.

ಸ್ವಾತಂತ್ರ್ಯ ದಿನದ ಮುನ್ನಾದಿನ ಇಬ್ಬರೂ ಪುತ್ತೂರಿಗೆ ಹೋಗಿ ಶಾಲೆಗೆ ಹೊಸ ಬಾವುಟ, ಮಕ್ಕಳಿಗೆ ಪೆಪ್ಪರಮಿಂಟು ತಂದಿದ್ದರು. ಹೊಳೆಯ ದಡಕ್ಕೆ ಬರುವಾಗ ದೀಪ ಹಚ್ಚುವ ಹೊತ್ತು. ಊರಲ್ಲಿ ಮಳೆ ಇರಲಿಲ್ಲ, ಘಟ್ಟದ ಮೇಲೆ ಸುರಿದು ನೀರು ಏರಿತ್ತು. ದೋಣಿ ಆಚೆ ದಡದಲ್ಲಿತ್ತು. ಬೆಳಿಗ್ಗೆ ಬಾವುಟ ಏರಿಸಬೇಕಾದವನು ಈಚೆ ಉಳಿಯುವ ಹಾಗಿರಲಿಲ್ಲ. ದೋಣಿಯವನಿಗೆಂದು ಚೆನ್ನಪ್ಪ ಕೂ ಹಾಕಿದ.

"ಒಂದೇ ಸಲ ಹಾಕಿದ್ದು ಮಾರಾಯ," ಎಂದರು ಬಾವ. "ಕೂಡ್ಲೆ ನಡುಹೊಳೆಯ ಬಂಡೆಯ ಹತ್ರದಿಂದ ಓಗೊಟ್ಟದ್ದು ಕೇಳಿತು. ನಡು ಒಡೆದ ಕೂ. ನಿನ್ನದಲ್ಲದೆ ಹಾಗೆ ಯಾರದ್ದುಂಟು? ಅವ ಕುಣಿದುಬಿಟ್ಟ. ‘ಬಾವ, ಅಣ್ಣ ಬಂದಿದ್ದಾನೆ! ಬಂಡೆಯಲ್ಲಿ ಅವ ನಿಂತಿದ್ದಾನೆ ಅಂದ್ರೆ ನೀರು ಸೊಂಟಕ್ಕೂ ಬರುದಿಲ್ಲ’ ಹೇಳಿದ. ನಾನು ಬೀಡಿ ಹಚ್ಚಿ ತಿರುಗುದ್ರೊಳಗೆ ಇಳಿದಾಗಿತ್ತು."

ದೋಣಿಯವನಿಗೂ ಚೆನ್ನಪ್ಪನ ಕೂ ಕೇಳಿತ್ತು. ಹೊತ್ತು ಮುಳುಗಿತ್ತಲ್ಲ, ಇನ್ನೆರಡು ಸಲ ಕೇಳಲಿ ಎಂದು ಹುಟ್ಟು ಹಿಡಿದು ಕಾಯುತ್ತಿದ್ದನಂತೆ. ನನ್ನ ಕೂ ಅವನಿಗೆ ಕೇಳಿಸಲಿಲ್ಲ. ಚೆನ್ನಪ್ಪ ಮತ್ತೆ ಕರೆಯಲಿಲ್ಲ. ಅವನಿಗೆ ಉತ್ತರ ಸಿಕ್ಕಿತ್ತು.

ಹಡಗಿನಲ್ಲಿ ನಡೆದದ್ದನ್ನು ನಾನು ಆಗಲೇ, ಅಮ್ಮನ ಎದುರೇ ಹೇಳಿದೆ. ಬಾವ ಎದ್ದು ಅಂಗಳಕ್ಕೆ ಹೋದರು.

ಮರುದಿನ ಆ ದಡದಲ್ಲಿ ನಿಂತು ನಾಲ್ಕಾರು ಸಲ ಕೂ ಹಾಕಿ ನೋಡಿದೆ. ಬಂಡೆಗೆ ಬಡಿದು ಅವನ ಕೂ ಅವನಿಗೇ ಮರಳಿರಬಹುದು ಎಂಬ ಆಸೆ. ಏನೂ ಮರಳಲಿಲ್ಲ. ಬಾವನಿಗೆ ಭ್ರಮೆ, ನನಗೂ ಭ್ರಮೆ ಎಂದು ಎಷ್ಟೋ ವರ್ಷ ವಾದ ಮಾಡಿದ್ದೇನೆ. ಮಾಲ್ಟಾದಲ್ಲಿ ಮಧ್ಯಾಹ್ನ ಎರಡು ದಾಟಿದರೆ ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತು. ಇಬ್ಬರ ಭ್ರಮೆ ಒಂದೇ ಹೊತ್ತಿಗೆ ಹೇಗೆ ಸೇರಿತು ಎಂಬಲ್ಲಿಗೆ ಬಂದು ವಾದ ನಿಲ್ಲುತ್ತದೆ. ಇವತ್ತಿಗೂ ನನಗೆ ಅರ್ಥವಾಗಿಲ್ಲ. ಆ ಮೇಲೆ ನಾನು ಯಾರ ಕೂಗಿಗೂ ಓಗೊಟ್ಟಿಲ್ಲ.

ಅಮ್ಮ ನನ್ನನ್ನು ಬೈಯಲಿಲ್ಲ. ಆ ದಿನ ಬಾವ ಎದ್ದು ಹೋದ ಮೇಲೆ ಒಂದೇ ಮಾತು ಕೇಳಿದಳು.

"ನಿನಗೆ ಎಷ್ಟು ಸಲ ಕೇಳಿತು?"

"ಒಂದು ಸಲ."

"ದೀಪ ಹಚ್ಚಿ ಆಗಿತ್ತಲ್ಲ ಮಗಾ."

"ಅಲ್ಲಿ ಬಿಸಿಲಿತ್ತು ಅಮ್ಮ," ಎಂದೆ.