ಒಂಟಿ ಗ್ಲೌಸಿಗೆ ಜೋಡಿ ಹೊಲಿದ ಹಂಝಾಕ

ಬರ್ ದುಬೈಯ ಬಟ್ಟೆಯಂಗಡಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಕ್ರೀಕಿನ ಕಡೆಯಿಂದ ಬೆಳಗಿನ ಮೊದಲ ಅಬ್ರಾ ದೋಣಿಯ ಎಂಜಿನ್ ಸದ್ದು ಬರುತ್ತಿದೆ. ಗಲ್ಲಿಯ ಕೊನೆಯಲ್ಲಿ ಅರ್ಧ ಎತ್ತಿದ ಒಂದು ಶಟರಿನ ಕೆಳಗೆ ಬೆಳಕು ಕಾಣುತ್ತದೆ. ಒಳಗೆ ಹಂಝಾಕ ನೆಲದ ಮೇಲೆ ಕೂತು, ಮೊಣಕಾಲುಗಳ ನಡುವೆ ಯಾರದೋ ಸೂಟ್‌ಕೇಸನ್ನು ಅಡ್ಡಹಾಕಿಕೊಂಡು ಅದರ ಝಿಪ್ಪಿನ ಹಲ್ಲುಗಳಿಗೆ ಮೇಣದ ತುಂಡು ಉಜ್ಜುತ್ತಿದ್ದಾರೆ. "ಬನ್ನಿ ಅಕ್ಕ, ತಲೆ ಜಾಗ್ರತೆ" ಎನ್ನುವಷ್ಟರಲ್ಲಿ ನನ್ನ ತಲೆ ಶಟರಿಗೆ ಹೊಡೆದಾಗಿದೆ.

ನಾನು ಬಂದದ್ದು ಈ ಝಿಪ್ಪುಗಳ ಬಗ್ಗೆ ಪತ್ರಿಕೆಗೆ ಬರೆಯುವುದಕ್ಕೆ. ಅಲ್ ನಹ್ದಾದ ನಮ್ಮ ಬಿಲ್ಡಿಂಗಿನಲ್ಲಿ ರಜೆಗೆ ಊರಿಗೆ ಹೊರಟವರೆಲ್ಲ ಒಮ್ಮೆಯಾದರೂ ಹೇಳುವ ಮಾತಿದು: ಬ್ಯಾಗ್ ಕೈಕೊಟ್ಟರೆ ಹಂಝಾಕನ ಹತ್ತಿರ ಹೋಗಿ. ಇವರು ಯಾವ ಊರಿನವರು, ಎಲ್ಲಿ ಮಲಗುತ್ತಾರೆ, ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಅದನ್ನೇ ಕೇಳೋಣವೆಂದು ನೋಟ್‌ಪ್ಯಾಡ್ ತೆಗೆದರೆ, ಕಣ್ಣು ಮೇಜಿನ ಮೇಲಿದ್ದ ಒಂದು ವಸ್ತುವಿನ ಮೇಲೆ ಬೀಳುತ್ತದೆ. ನಾಯಿ ಕಚ್ಚಿ ಎಳೆದಾಡಿದ ಚಪ್ಪಲಿಯ ಹಾಗಿದೆ. ಆದರೆ ಅದಕ್ಕೆ ಬೆರಳುಗಳಿವೆ.

"ಅದು ಬೇಸ್‌ಬಾಲಿನ ಗ್ಲೌಸು ಅಕ್ಕ. ಹಳತರ ಹಾಗೆ ಕಾಣ್ತದೆ, ಅಲ್ವಾ? ಹೋದ ವಾರ ನಾನು ಮಾಡಿದ್ದು" ಎನ್ನುತ್ತಾರೆ ಹಂಝಾಕ. ಮೇಣ ಉಜ್ಜುವ ಕೈ ನಿಲ್ಲುವುದಿಲ್ಲ. "ಅದರಿಂದ ನನ್ನ ಕೆಲಸ ಉಳೀತದಾ ಹೋಗ್ತದಾ ಅಂತ ಇವತ್ತು ಒಂಬತ್ತು ಗಂಟೆಗೆ ಗೊತ್ತಾಗ್ತದೆ. ಅಂಗಡಿ ಸಾಹೇಬರು ಬರ್ತಾರೆ. ವೀಸಾ ಈ ತಿಂಗಳಿಗೆ ಖಲಾಸ್."

ನನ್ನ ಪೆನ್ನು ಅಲ್ಲಿಗೇ ನಿಂತುಬಿಡುತ್ತದೆ. ಚಹಾ ಬೇಕಾ ಎಂದು ಕೇಳುವ ದನಿಯಲ್ಲೇ ಮನುಷ್ಯ ಇದನ್ನೂ ಹೇಳುತ್ತಿದ್ದಾರೆ!

ಹೆಸರು ಹಂಝ, ಗೌರವಕ್ಕೆ ಎಲ್ಲರ ಬಾಯಲ್ಲಿ ಹಂಝಾಕ. ಊರು ಫರಂಗಿಪೇಟೆ. ವಯಸ್ಸು ಐವತ್ತೇಳು. ಹೆಂಡತಿ ಆಮಿನ ಊರಲ್ಲಿದ್ದಾರೆ, ಇವರು ಇಲ್ಲಿ ಆರು ಜನರ ರೂಮಿನಲ್ಲಿ ಕೆಳಗಿನ ಮಂಚದವರು. ಚರ್ಮದ ಕೆಲಸ ಕಲಿತದ್ದು ಮಂಗಳೂರಿನ ಬಂದರಿನ ಒಂದು ಚಪ್ಪಲಿ ಅಂಗಡಿಯಲ್ಲಿ. ಆಗ ಊರಿನ ಕ್ರಿಕೆಟ್ ಟೂರ್ನಮೆಂಟುಗಳಿಗೆ ಕೀಪರ್ ಗ್ಲೌಸ್ ಹೊಲಿದುಕೊಡುವವರು ಇವರೇ. ದುಬೈಗೆ ಬಂದ ಮೇಲೆ ಸೂಟ್‌ಕೇಸು, ಶಾಲಾ ಬ್ಯಾಗು, ಶೂ. ಅಂಗಡಿ ಭಟ್ಕಳದ ಯಹ್ಯಾ ಸಾಹೇಬರದು, ವೀಸಾ ಕೂಡ ಅವರದೇ. ಈಗಿನವರು ಬ್ಯಾಗ್ ಹರಿದರೆ ಹೊಲಿಸುವುದಿಲ್ಲ, ಹೊಸದು ತರಿಸುತ್ತಾರೆ. ಅಂಗಡಿ ಬಾಡಿಗೆಗೆ ಏದುಸಿರು ಬಿಡುತ್ತಿದೆ ಎನ್ನುವುದು ಗಲ್ಲಿಗೆಲ್ಲ ಗೊತ್ತು.

ಇಂಥ ಅಂಗಡಿಗೆ ಚಳಿಗಾಲದಲ್ಲಿ ಬಂದವರು ಫ್ಲಾಯ್ಡ್. ಮಂಗಳೂರು ಮೂಲದವರು, ಹುಟ್ಟಿದ್ದು ಅಬುಧಾಬಿಯಲ್ಲಿ, ಓದಿದ್ದು ಅಮೆರಿಕದಲ್ಲಿ. ಅಲ್ ರೀಮ್ ಐಲ್ಯಾಂಡಿನ ಅವರ ಫ್ಲ್ಯಾಟಿನಲ್ಲಿ ಹಳೆಯ ಬೇಸ್‌ಬಾಲ್ ಗ್ಲೌಸುಗಳಿಗೇ ಒಂದು ಕೋಣೆ ಇದೆಯಂತೆ. ಅದರಲ್ಲಿ ಒಂದಕ್ಕೆ, ಅವರ ತಾತನ ಕಾಲದಷ್ಟು ಹಳೆಯದಕ್ಕೆ, ಹೆಬ್ಬೆರಳಿನ ಹತ್ತಿರ ಒಂದಿಷ್ಟು ಹೊಲಿಗೆ ಬಿಟ್ಟಿತ್ತು. ತಂದೆಯ ಕಾಲದ ಪರಿಚಯವೆಂದು ಯಹ್ಯಾ ಸಾಹೇಬರ ಕೈಗೇ ಕೊಟ್ಟು, ಅದಷ್ಟನ್ನೇ ಹೊಲಿಸಿ, ಬೇರೆ ಯಾವುದನ್ನೂ ಮುಟ್ಟಬಾರದು ಎಂದು ಹೇಳಿ ಒಂದು ತಿಂಗಳು ಅಮೆರಿಕಕ್ಕೆ ಹೋದರು. ಸಾಹೇಬರು ಹಂಝಾಕನಿಗೆ ದಾಟಿಸಿದ ಮಾತು ಇಷ್ಟೇ: "ಗುರ್ತದವರು. ಚೆಂದ ಮಾಡಿ ಕೊಡು."

ಚೆಂದ ಮಾಡುವುದೆಂದರೆ ಹಂಝಾಕನಿಗೆ ಹೇಳಿಕೊಡಬೇಕೇ!

"ನಾನು ನೋಡ್ತೇನೆ, ಒಂದೇ ಗ್ಲೌಸು ಉಂಟು. ಎಡಗೈಯದ್ದು. ಬಲಗೈಯದ್ದು ಎಲ್ಲಿ? ಪಾಪ, ಎಲ್ಲೋ ಕಳಕೊಂಡಿದ್ದಾರೆ ಅಂತ ಲೆಕ್ಕ ಹಾಕಿದೆ. ಕೀಪರ್ ಗ್ಲೌಸ್ ಒಂದೇ ಇದ್ರೆ ಅದನ್ನು ಎಂತ ಮಾಡುವುದು ಹೇಳಿ? ಅದಕ್ಕೆ ಜೋಡಿ ಹೊಲಿದೆ."

ನಾನು ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ. ನಗು ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ.

ಜೋಡಿಗೆ ಅಳತೆ ಬೇಕು, ಅಳತೆಗೆ ಹಳೆಯದನ್ನು ಬಿಚ್ಚಬೇಕು. ಬಿಚ್ಚುವಾಗ ಒಣಗಿದ ಚರ್ಮದ ಲೇಸುಗಳು ಪುಡಿಪುಡಿಯಾದವು. ಗುಡಿಸಿ ಕಸಕ್ಕೆ ಹಾಕಿದರು. ಒಳಗಿನ ಬೂಷ್ಟನ್ನು ವಿನೆಗರಿನಲ್ಲಿ ಒರೆಸಿದರು. ಅಂಗೈಯ ಮೇಲೆ ಅರ್ಧ ಅಳಿಸಿದ ಕಂಪನಿಯ ಮುದ್ರೆಯೊಂದು ಕೊಳೆಯ ಹಾಗೆ ಕಂಡಿತು, ಅದನ್ನೂ ತಿಕ್ಕಿದರು. ಚರ್ಮ ಬಿರುಸಾಗಿದೆ ಎಂದು ತೆಂಗಿನೆಣ್ಣೆ ಕುಡಿಸಿದರು. ಯಾರೋ ಎಸೆದಿದ್ದ ಸೋಫಾದ ಚರ್ಮದಿಂದ ಬಲಗೈಯದನ್ನು ಕತ್ತರಿಸಿ, ಅದಕ್ಕೆ ಕಡು ಚಹಾ, ಎಣ್ಣೆ, ಹೊಸ್ತಿಲಿನ ಧೂಳು ಎಲ್ಲ ಕೊಟ್ಟು ಹಳೆಯದರ ಬಣ್ಣಕ್ಕೆ ತಂದರು. ಎರಡಕ್ಕೂ ಒಂದೇ ಥರದ ಹೊಸ ಲೇಸು ಪೋಣಿಸಿದರು. ಇದೆಲ್ಲ ಮಾಡಿದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಯಾರೂ ಕೇಳದೆ.

ಫ್ಲಾಯ್ಡ್ ಬಂದು ಪೊಟ್ಟಣ ಬಿಚ್ಚಿದವರು ಹಾಗೆಯೇ ಸ್ಟೂಲಿನ ಮೇಲೆ ಕುಸಿದರಂತೆ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಹಂಝಾಕ. "ಅಂಕಲ್, ಹಳೇ ಲೇಸ್ ಎಲ್ಲುಂಟು ಅಂತ ಮೆಲ್ಲ ಕೇಳಿದ್ರು. ಕಸಕ್ಕೆ ಹಾಕಿದೆ ಅಂದೆ. ಅವರ ಮುಖದಲ್ಲಿ ರಕ್ತ ಇರ್ಲಿಲ್ಲ ಅಕ್ಕ."

ಆಮೇಲೆ ಫ್ಲಾಯ್ಡ್ ನಿಧಾನಕ್ಕೆ ಬಿಡಿಸಿ ಹೇಳಿದ್ದಾರೆ. ಈ ಆಟದಲ್ಲಿ ಗ್ಲೌಸು ಒಂದೇ ಕೈಗೆ. ಎಡಗೈಯಲ್ಲಿ ಚೆಂಡು ಹಿಡಿಯುವುದು, ಖಾಲಿ ಬಲಗೈಯಲ್ಲಿ ಎಸೆಯುವುದು. ಹಳೆಯ ಗ್ಲೌಸು ಕೊಳ್ಳುವವರು ಮೊದಲು ನೋಡುವುದು ಮೂಲ ಲೇಸು ಇದೆಯೇ ಎಂದು. ಮುದ್ರೆ ಓದಲು ಬರಬೇಕು. ಎಣ್ಣೆ ಹೆಚ್ಚಾಗಿ ಕಪ್ಪಾಗಿದ್ದರೆ ದೂರ ಸರಿಯುತ್ತಾರೆ. ಅಂದರೆ ಕಳ್ಳ ನುಗ್ಗಿದ್ದರೂ ಆಗದಷ್ಟು ನಷ್ಟವನ್ನು ನಮ್ಮ ಹಂಝಾಕ ಪ್ರೀತಿಯಿಂದ ಮಾಡಿಟ್ಟಿದ್ದಾರೆ.

"ಒಂದು ಕೈಗೆ ಮಾತ್ರ ಹಾಕ್ತಾರೆ ಅಂತ ಕನಸಿನಲ್ಲೂ ಗೊತ್ತಿರ್ಲಿಲ್ಲ. ಆಮಿನಗೆ ಫೋನಲ್ಲಿ ಹೇಳಿದೆ. ಅವಳು, ಮತ್ತೆ ಇನ್ನೊಂದು ಕೈ ನೋಯುವುದಿಲ್ವಾ ಅಂತ ಕೇಳಿದ್ಳು. ಅವಳು ನನ್ನ ಹಾಗೇ."

ಫ್ಲಾಯ್ಡ್ ಎರಡನ್ನೂ ತೆಗೆದುಕೊಂಡು ಹೋದರು. ಆದರೆ ಗ್ಲೌಸಿನ ಖಯಾಲಿ ಇರುವ ಗೆಳೆಯರಿಗೆ ತೋರಿಸಿದಾಗ ಇನ್ನೊಂದು ಆಘಾತ ಕಾದಿತ್ತು. ಯಾವುದು ಎಪ್ಪತ್ತು ವರ್ಷದ್ದು, ಯಾವುದು ಮೊನ್ನೆಯದು ಎಂದು ಒಬ್ಬರಿಗೂ ಹೇಳಲಾಗಲಿಲ್ಲ. ಈ ಸುದ್ದಿ ಒಬ್ಬ ವ್ಯಾಪಾರಿಯ ಕಿವಿಗೆ ಬಿತ್ತು. ಹಳೆಯ ಆಟದ ಸಾಮಾನುಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವವನು. ಅವನ ಹೆಸರು ಬೇಡ. ಅಂಥವನಿಗೆ ಪುಕ್ಕಟೆ ಪ್ರಚಾರ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಅವನು ಹೇಳಿದ್ದನ್ನು ಹಂಝಾಕ ನನಗೆ ಹೇಳುವಾಗ ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹಳೆಯ ಗ್ಲೌಸುಗಳನ್ನು ಹೊಸ ಚರ್ಮದಿಂದ ಹೊಲಿದುಕೊಡಬೇಕು! ಚರ್ಮ ಸುಕ್ಕಾಗಿರಬೇಕು, ಬಿರಿದಿರಬಾರದು. ಲೇಸು ಮಾಸಿರಬೇಕು, ತುಂಡಾಗಿರಬಾರದು. ಬೂಷ್ಟಿನ ವಾಸನೆ, ಇಲಿ ಕಡಿದ ತೂತು ಇದ್ದರೆ ಗಿರಾಕಿ ಓಡುತ್ತಾನೆ. ಎಲ್ಲಕ್ಕಿಂತ ಮುಖ್ಯ, ಯಾರ ಹೆಸರೂ ಇರಬಾರದು. ಹಿಂದಿನ ಮಕ್ಕಳು ಗ್ಲೌಸಿನ ಮೇಲೆ ಶಾಯಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರಂತೆ, ಅಂಥದನ್ನು ಕೊಳ್ಳುವವರು ಮುಟ್ಟುವುದಿಲ್ಲವಂತೆ.

"ಮುದಿ ಆಗ್ಬೇಕು, ಕಾಯಿಲೆ ಇರ್ಬಾರ್ದು" ಎಂದು ಹಂಝಾಕ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಎಂತ ಹೇಳಿ ಮಾರ್ತೀರಿ ಅಂತ ಕೇಳಿದೆ. ಎಪ್ಪತ್ತು ವರ್ಷದ ಹಳೇದು ಅಂತ ಹೇಳಿದ್ರೆ ಸಾಕು, ಉಳಿದದ್ದು ನಿಮಗ್ಯಾಕೆ ಅಂದ."

ಇದು ಮೋಸ, ಕಣ್ಣಿಗೆ ರಾಚುವ ಮೋಸ. ಸಿಕ್ಕಿಬಿದ್ದರೆ ಈ ದೇಶದಲ್ಲಿ ಮೊದಲು ಒಳಗೆ ಹೋಗುವವನು ಹೊಲಿದವನೇ. ಆದರೆ ಯಹ್ಯಾ ಸಾಹೇಬರ ಕಣ್ಣ ಮುಂದೆ ಬಾಡಿಗೆ ಕುಣಿಯುತ್ತಿತ್ತು. ಅವನು ಏನು ಹೇಳಿ ಮಾರಿದರೆ ನಮಗೇನು, ನೀನು ಹೊಲಿ, ಈ ಕೆಲಸ ಬಿಟ್ಟರೆ ಅಂಗಡಿಗೆ ಬೀಗ, ನಿನ್ನ ವೀಸಾ ನನ್ನಿಂದಾಗದು ಎಂದುಬಿಟ್ಟರು. ಹಂಝಾಕ ಎದುರಾಡಲಿಲ್ಲ. ಹೊಲಿದರು. ನಿನ್ನೆ ಸಂಜೆ ವ್ಯಾಪಾರಿ ಬಂದು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಖುಷಿಯಿಂದ ಗ್ಲೌಸಿನ ಬಾಯಿ ಅಗಲಿಸಿದ. ಮರುಗಳಿಗೆ ಅದನ್ನು ಮೇಜಿಗೆ ಬಿಸಾಕಿದ.

"ನೋಡಿ" ಎಂದು ಹಂಝಾಕ ಮೇಜಿನ ಗ್ಲೌಸನ್ನು ಬಿಡಿಸಿ ನನ್ನ ಮುಂದೆ ಹಿಡಿಯುತ್ತಾರೆ. ಅಂಗೈಯ ನಟ್ಟನಡುವೆ, ಸುಟ್ಟು ಬರೆದ ದಪ್ಪ ಕನ್ನಡ ಅಕ್ಷರಗಳು: ಹಂಝ, ಫರಂಗಿಪೇಟೆ. ಕೆಳಗೆ ಈ ವರ್ಷದ ಇಸವಿ. ನೈಲಾನ್ ಪಟ್ಟಿಯ ತುದಿ ಕರಗಿಸಲು ಇಟ್ಟುಕೊಂಡ ಸೋಲ್ಡರಿಂಗ್ ಕಡ್ಡಿಯಿಂದ ಬರೆದದ್ದು.

ಇಷ್ಟು ಮೆತ್ತಗಿನ ಮನುಷ್ಯನಿಗೆ ಇಂಥ ಧೈರ್ಯ ಎಲ್ಲಿಂದ ಬಂತು? ಕೇಳಿಯೇಬಿಡುತ್ತೇನೆ.

"ಧೈರ್ಯ ಎಂತದ್ದು ಅಕ್ಕ. ಹೊಲಿ ಅಂದ್ರು, ಹೊಲಿದೆ. ಆದ್ರೆ ನಾನು ಹೊಲಿದದ್ದನ್ನು ಯಾರೋ ಸತ್ತವನು ಹೊಲಿದ ಅಂತ ಹೇಳುವುದು ಹೇಗೆ? ನಾನು ಇದ್ದೇನಲ್ಲ?"

ಎಂಟೂವರೆಗೆ ಫ್ಲಾಯ್ಡ್ ಬಂದರು. ಗಲ್ಲಿಯವರಿಂದ ಸುದ್ದಿ ತಿಳಿದು ಅಬುಧಾಬಿಯಿಂದ ಕಾರು ಓಡಿಸಿಕೊಂಡು ಬಂದವರು. ಕೈಯಲ್ಲಿ ಬಟ್ಟೆಯ ಚೀಲ. "ಸಾಹೇಬರ ಹತ್ತಿರ ನಾನು ಮಾತಾಡ್ತೇನೆ ಅಂಕಲ್. ನಮ್ಮ ಮಕ್ಕಳ ಟೀಮಿಗೆ ಗ್ಲೌಸ್ ಬೇಕುಂಟು, ಹೊಸದು, ಹೊಸದು ಅಂತಲೇ" ಎಂದರು. ಹಂಝಾಕ ಆಗಲೆಂದು ತಲೆ ಅಲ್ಲಾಡಿಸಿದರು. ಮತ್ತೆ ಝಿಪ್ಪಿಗೆ ಮೇಣ ಉಜ್ಜತೊಡಗಿದರು.

ಒಂಬತ್ತಕ್ಕೆ ಸರಿಯಾಗಿ ಯಹ್ಯಾ ಸಾಹೇಬರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕಣ್ಣಿನ ಕೆಳಗೆ ಕಪ್ಪು. ಯಾರಿಗೂ ಸಲಾಂ ಹೇಳದೆ ಗ್ಲೌಸನ್ನು ಎತ್ತಿಕೊಂಡರು. ಓದಿದರು. ಬೆಳಕಿಗೆ ಹಿಡಿದು ಮತ್ತೆ ಓದಿದರು. ಫ್ಲಾಯ್ಡ್ ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಾಗಿಸಿದರು.

"ಹಂಝಾ."

"ಸಾಹೇಬ್ರೇ."

"ನಿನ್ನ ಹೆಸರು ಬರ್ದಿ. ನಿನ್ನ ಊರು ಬರ್ದಿ. ನನ್ನ ಅಂಗಡಿ ಹೆಸರು ಎಲ್ಲಿ?"

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ಆ ವ್ಯಾಪಾರಿ ಮಾಡು ಅಂದ, ನಾನೂ ಮಾಡು ಅಂದೆ. ರಾತ್ರಿಯಿಡೀ ಅದೇ ತಲೇಲಿ. ಅಬ್ಬ ಬದುಕಿದ್ರೆ ನನ್ನನ್ನ ಈ ಅಂಗಡಿಗೆ ಹತ್ತಿಸ್ತಿರ್ಲಿಲ್ಲ" ಎಂದು ತೀರಿಹೋದ ತಂದೆಯನ್ನು ನೆನೆದರು. ಆಮೇಲೆ ಕೈ ಚಾಚಿದರು: "ಪಾಸ್‌ಪೋರ್ಟ್ ಕೊಡು. ಟೈಪಿಂಗ್ ಸೆಂಟರಿಗೆ ಹೋಗ್ಬೇಕು, ವೀಸಾ ಹಾಕ್ಲಿಕ್ಕೆ. ಬಾಡಿಗೆದು ಆಮೇಲೆ ನೋಡುವ. ಯಲ್ಲಾ, ನಡಿ."

ಹಂಝಾಕ ಎದ್ದು ಪೆಟ್ಟಿಗೆ ತಡಕಾಡಿದರು. ಪಾಸ್‌ಪೋರ್ಟ್ ಕೈಯಲ್ಲೇ ಇದ್ದರೂ ಇನ್ನೂ ಹುಡುಕುತ್ತಿದ್ದರು. ನಾನು ಅತ್ತೆ. ವರದಿಗೆ ಹೋದವರು ಅಳಬಾರದು ಎಂದು ನಮ್ಮ ಸಂಪಾದಕರು ಹೇಳುತ್ತಾರೆ, ಹೇಳಲಿ.

ಸಾಹೇಬರು ಹೋದ ಮೇಲೆ ಫ್ಲಾಯ್ಡ್ ಚೀಲ ಬಿಚ್ಚಿ ಎರಡು ಗ್ಲೌಸುಗಳನ್ನು ಮೇಜಿನ ಮೇಲೆ ಇಟ್ಟರು. ಒಂದು ಎಡಗೈಯದು, ಒಂದು ಬಲಗೈಯದು. ನಾನು ಮುಟ್ಟಿ, ಮೂಸಿ, ತಿರುಗಿಸಿ ನೋಡಿದೆ. ಎಡಗೈಯದೇ ಹಳೆಯದೆಂದು ಮೊದಲೇ ಕೇಳಿರದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. "ಇವಕ್ಕೂ ಹೆಸರು ಹಾಕಿ ಅಂಕಲ್. ಎರಡಕ್ಕೂ" ಎಂದರು ಫ್ಲಾಯ್ಡ್. "ಹೇಗೂ ನಾನು ಮಾರುವುದಿಲ್ಲ."

ಹಂಝಾಕ ಸೋಲ್ಡರಿಂಗ್ ಕಡ್ಡಿ ಬಿಸಿ ಮಾಡಿದರು. ಬಲಗೈಯದನ್ನು ಎಳೆದುಕೊಂಡು ಅದರ ಅಂಗೈಯಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು. ಸುಟ್ಟ ಚರ್ಮದ ವಾಸನೆ ಅಂಗಡಿಯೆಲ್ಲ ತುಂಬಿತು. ಫ್ಲಾಯ್ಡ್ ಇನ್ನೊಂದನ್ನು ಮುಂದೆ ತಳ್ಳಿದರೆ ಅದನ್ನು ಎರಡೂ ಕೈಯಲ್ಲಿ ಎತ್ತಿ ವಾಪಸು ಅವರ ಚೀಲದೊಳಗೆ ಇಟ್ಟರು.

"ಬೇಡ. ಅದು ನಾನು ಮಾಡಿದ್ದಲ್ಲ. ನಾನು ಹಾಳು ಮಾಡಿದ್ದು ಮಾತ್ರ."